ದೇಶ ಹ್ಯಾಂಗ್ ಹಾಡ್ತದ್ರಿ ಸರ?

ಭಾನುವಾರ ಸಂಜೆ, ಮಹಾರಾಷ್ಟ್ರದ ಗಡಿಯಲ್ಲಿರುವ ಉಮರ್ಗಾದ ನಮ್ಮ ಮನೆಯ ಪಡಸಾಲೆಗೆ ಏಳೆಂಟು ಮಕ್ಕಳು ಬರುತ್ತಾರೆ. ಶಾಲೆಯಲ್ಲಿ ಅವರದು ಮರಾಠಿ, ಮನೆಯಲ್ಲಿ ಅಜ್ಜಿಯ ಜೊತೆ ಕನ್ನಡ, ಸಂತೆಯಲ್ಲಿ ಎರಡೂ, ಜೊತೆಗೊಂದಿಷ್ಟು ಹಿಂದಿ. ಬಾಯಲ್ಲಿರುವ ಕನ್ನಡವನ್ನು ಅವರ ಕೈಗೂ ಕಣ್ಣಿಗೂ ತರುವುದು ನಿವೃತ್ತಿಯಾದ ಮೇಲೆ ನಾನು ಹಚ್ಚಿಕೊಂಡ ಕೆಲಸ. ಒಂದು ಸಂಜೆ ಕಾಗುಣಿತದ ನಡುವೆ ಒಬ್ಬ ಹುಡುಗ ಅಪ್ಪನ ಮೊಬೈಲ್ ತೆಗೆದು ಹಾಡಿನ ಸ್ಪರ್ಧೆಯೊಂದರ ತುಣುಕು ತೋರಿಸಿದ. ಬಣ್ಣದ ಬೆಳಕು, ಹೊಗೆ, ಸಾವಿರಾರು ಜನ. ಹಾಡುವವರ ಹೆಸರಿನ ಪಕ್ಕ ದೇಶದ ಹೆಸರು, ಬಾವುಟ. ಅವನ ಪ್ರಶ್ನೆ ಸರಳವಾಗಿತ್ತು: “ಮಂದಿ ಹಾಡ್ತಾರ ಖರೆ. ದೇಶ ಹ್ಯಾಂಗ್ ಹಾಡ್ತದ್ರಿ ಸರ?”

ಅವನಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಈ ಸ್ಪರ್ಧೆಯ ಹೆಸರನ್ನೇ ಕೇಳದವರನ್ನು ಎದುರಿಗೆ ಕೂರಿಸಿಕೊಂಡ ಹಾಗೆ ಬರೆಯುತ್ತೇನೆ. ಆತುರವಿಲ್ಲ.

ನಮಗೆ ಗೊತ್ತಿರುವುದರಿಂದ ಶುರು ಮಾಡೋಣ. ಭಜನಿ ಸ್ಪರ್ಧೆಯನ್ನು ನಮ್ಮ ಕಡೆ ನೋಡದವರು ಯಾರು? ಊರೂರಿನಿಂದ ಮಂಡಳಿಗಳು ಬರುತ್ತವೆ. ಹಾರ್ಮೋನಿಯಂ ಬಾರಿಸುವವನಿಗೊಂದು ಹೆಸರಿದೆ, ಮುಂದೆ ಕೂತು ಹಾಡುವವನಿಗೊಂದು ಹೆಸರಿದೆ. ಆದರೆ ಮೈಕಿನಲ್ಲಿ ಕರೆಯುವುದು ಊರಿನ ಹೆಸರನ್ನು. ಮುರುಮ್‌ನವರು ಬರಬೇಕು ಅಂತ ಕರೆದರೆ ಎದ್ದು ಹೋಗುವವರು ಆರು ಮಂದಿ. ಕೆಳಗೆ ಕೂತ ಆ ಊರಿನವರ ಎದೆಯೆಲ್ಲ ಅವರ ಜೊತೆ ಎದ್ದು ಹೋಗುತ್ತದೆ. ಸಮಯ ಮುಗಿದರೆ ಗಂಟೆ ಬಾರಿಸುತ್ತಾರೆ. ತೀರ್ಪು ಹೇಳುವವರು ತಮ್ಮ ಊರಿಗೆ ತಾವೇ ಅಂಕ ಹಾಕಿಕೊಳ್ಳುವಂತಿಲ್ಲ. ಇಷ್ಟು ಅರ್ಥವಾದರೆ ಆ ಹುಡುಗ ತೋರಿಸಿದ ಸ್ಪರ್ಧೆ, ಯೂರೋವಿಷನ್, ಅರ್ಧ ಅರ್ಥವಾದಂತೆ.

ಉಳಿದರ್ಧ ಹೀಗಿದೆ. ಯುರೋಪಿನ ರೇಡಿಯೋ, ಟಿವಿ ಸಂಸ್ಥೆಗಳು 1950ರಲ್ಲಿ ಒಂದು ಒಕ್ಕೂಟ ಕಟ್ಟಿಕೊಂಡವು. ನಮ್ಮಲ್ಲಿ ಆಕಾಶವಾಣಿ, ದೂರದರ್ಶನ ಇದ್ದಂತೆ ಅಲ್ಲಿ ಪ್ರತಿ ದೇಶಕ್ಕೂ ಅದರದರ ಸಾರ್ವಜನಿಕ ಪ್ರಸಾರ ಸಂಸ್ಥೆ. ಆ ಒಕ್ಕೂಟ ನಡೆಸುವ ಸ್ಪರ್ಧೆಗೆ ಹಾಡು ಕಳಿಸುವುದು ಈ ಸಂಸ್ಥೆಯೇ, ಸರ್ಕಾರವಲ್ಲ, ಮಂತ್ರಿಯಲ್ಲ. ಹಾಡು ಹೊಸದಿರಬೇಕು, ಮೂರು ನಿಮಿಷ ಮೀರಬಾರದು, ವೇದಿಕೆಯ ಮೇಲೆ ಆರು ಜನಕ್ಕಿಂತ ಹೆಚ್ಚು ಇರಬಾರದು. ಮುಖ್ಯ ಗಾಯಕರು ಅಲ್ಲೇ, ಆಗಲೇ, ಬಾಯಿ ಬಿಟ್ಟು ಹಾಡಬೇಕು. 1998ರವರೆಗೆ ಎದುರಿಗೆ ದೊಡ್ಡ ವಾದ್ಯವೃಂದವೂ ಇರುತ್ತಿತ್ತು. ಎಲ್ಲರೂ ಹಾಡಿ ಮುಗಿಸಿದ ಮೇಲೆ ಒಂದೊಂದೇ ದೇಶವನ್ನು ಹೆಸರು ಹಿಡಿದು ಕರೆಯುತ್ತಾರೆ. ಆ ದೇಶದ ತೀರ್ಪುಗಾರರು ತಮಗೆ ಹಿಡಿಸಿದ ಹತ್ತು ಹಾಡುಗಳಿಗೆ ಅಂಕ ಹೇಳುತ್ತಾರೆ: ಒಂದರಿಂದ ಎಂಟು, ಆಮೇಲೆ ಹತ್ತು, ಕೊನೆಗೆ ಹನ್ನೆರಡು. ಈ ಲೆಕ್ಕ 1975ರಿಂದ ನಡೆದು ಬಂದಿದೆ. ಮನೆಯಲ್ಲಿ ಕೂತವರ ಫೋನ್ ಮತವೂ ಸೇರಿದ್ದು 1997ರಿಂದ.

ನನಗೆ ಈ ಸ್ಪರ್ಧೆಯಲ್ಲಿ ಹಾಡುಗಳಿಗಿಂತ ಹೆಚ್ಚು ಪ್ರಿಯವಾದದ್ದು ಈ ಹೆಸರು ಕರೆಯುವ ಗಳಿಗೆ. ಮೂವತ್ತು ವರ್ಷಕ್ಕೂ ಮೇಲೆ ದಿನಾ ಬೆಳಿಗ್ಗೆ ಹಾಜರಿ ಪುಸ್ತಕ ತೆಗೆದು ಹೆಸರು ಕರೆದವನು ನಾನು. ಹೊಸದಾಗಿ ಸೇರಿದ ಮಗು ಮೊದಲ ದಿನ ತನ್ನ ಹೆಸರು ಬರುವವರೆಗೆ ಉಸಿರು ಬಿಗಿ ಹಿಡಿದಿರುತ್ತದೆ. ಹೆಸರು ಬಂದಾಗ “ಹಾಜರ್ ಸರ್” ಅನ್ನುವ ದನಿ ಒಮ್ಮೊಮ್ಮೆ ಗಂಟಲಲ್ಲೇ ನಿಲ್ಲುತ್ತದೆ, ಒಮ್ಮೊಮ್ಮೆ ಪಕ್ಕದ ತರಗತಿಗೂ ಕೇಳುವಷ್ಟು ಜೋರಾಗಿ ಬರುತ್ತದೆ. ಒಂದು ದೇಶ ಮೊದಲ ಸಲ ಇಂಥ ಸ್ಪರ್ಧೆಗೆ ಬರುವುದೆಂದರೆ ಇದೇ: ಪಟ್ಟಿಯಲ್ಲಿ ಹೊಸದೊಂದು ಹೆಸರು, ಆ ಹೆಸರಿಗೆ ಓಗೊಡುವ ಒಂದು ದನಿ. ಗೆದ್ದದ್ದು ಸೋತದ್ದು ಎರಡನೆಯ ಮಾತು.

ಮೊಟ್ಟಮೊದಲ ಸ್ಪರ್ಧೆ ನಡೆದದ್ದು 1956ರ ಮೇ 24ರಂದು, ಸ್ವಿಟ್ಜರ್‌ಲೆಂಡಿನ ಲುಗಾನೊ ಎಂಬ ಊರಿನಲ್ಲಿ. ಬಂದಿದ್ದವು ಏಳೇ ದೇಶ: ನೆದರ್‌ಲೆಂಡ್ಸ್, ಸ್ವಿಟ್ಜರ್‌ಲೆಂಡ್, ಬೆಲ್ಜಿಯಂ, ಜರ್ಮನಿ, ಫ್ರಾನ್ಸ್, ಲಕ್ಸೆಂಬರ್ಗ್, ಇಟಲಿ. ಒಬ್ಬೊಬ್ಬರಿಗೆ ಎರಡೆರಡು ಹಾಡು. ಮೊದಲು ಹಾಡಿದವರು ನೆದರ್‌ಲೆಂಡ್ಸಿನ ಯೆಟ್ಟಿ ಪಾರ್ಲ್. ಗೆದ್ದವರು ಆತಿಥೇಯ ದೇಶದ ಲೀಸ್ ಅಸಿಯಾ. ಈ ಇಸವಿಯನ್ನು ನಮ್ಮ ಮಕ್ಕಳಿಗೆ ನಾನು ಬೇರೆ ಕಾರಣಕ್ಕೂ ನೆನಪಿಡಲು ಹೇಳುತ್ತೇನೆ. ಅದೇ ವರ್ಷ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಭಾಗವಾಯಿತು. ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು. ಅದರ ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು ಬೀದರಿನಿಂದ ಕಳಚಿ ಉಸ್ಮಾನಾಬಾದ್ ಜಿಲ್ಲೆಗೆ, ಮುಂಬಯಿ ರಾಜ್ಯಕ್ಕೆ ಸೇರಿದವು. ಅವು ಈಗಿರುವ ಲಾತೂರು ಬೇರೆ ಜಿಲ್ಲೆಯಾದದ್ದು 1982ರಲ್ಲಿ. ಮನೆ ಅಲ್ಲೇ ಇತ್ತು, ಹೊಲ ಅಲ್ಲೇ ಇತ್ತು, ಬಾಯಲ್ಲಿನ ಮಾತೂ ಅದೇ. ಪಟ್ಟಿ ಮಾತ್ರ ಬದಲಾಯಿತು. ಯಾವ ಪಟ್ಟಿಯಲ್ಲಿ ನಮ್ಮ ಹೆಸರಿದೆ, ಯಾವ ಭಾಷೆಯಲ್ಲಿ ನಾವು ಓಗೊಡಬೇಕು ಅನ್ನುವ ಯೋಚನೆ ಗಡಿಯ ಜನರಿಗೆ ಊಟ ನೀರಿನಷ್ಟು ಮಾಮೂಲು. ಆದ್ದರಿಂದಲೇ ಹುಡುಗರು ಮುಂದೆ ಕೇಳಿದ ಪ್ರಶ್ನೆ ನನಗೆ ಆಶ್ಚರ್ಯ ತರಲಿಲ್ಲ.

“ಮತ್ತ ಅವ್ರು ಯಾವ ಭಾಷ್ಯಾಗ ಹಾಡ್ತಾರ್ರಿ ಸರ?”

ಆರಂಭದಲ್ಲಿ ಇದಕ್ಕೆ ನಿಯಮವೇ ಇರಲಿಲ್ಲ. ತಂತಮ್ಮ ಭಾಷೆಯಲ್ಲೇ ಹಾಡುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದರು. 1965ರಲ್ಲಿ ಸ್ವೀಡನ್ ಇಂಗ್ಲಿಷಿನಲ್ಲಿ ಹಾಡಿಬಿಟ್ಟಿತು. ಮರುವರ್ಷದಿಂದ ನಿಯಮ ಬಂತು: ದೇಶದ ಭಾಷೆಯಲ್ಲೇ ಹಾಡಬೇಕು. 1973ರಲ್ಲಿ ಅದನ್ನು ಸಡಿಲಿಸಿದರು, 1977ರಲ್ಲಿ ಮತ್ತೆ ಬಿಗಿದರು, 1999ರಿಂದ ಪೂರ್ತಿ ತೆಗೆದರು. ಸಡಿಲವಿದ್ದ ಆ ಸಣ್ಣ ಸಂದಿನಲ್ಲೇ, 1974ರಲ್ಲಿ, ಸ್ವೀಡನ್ನಿನ ಅಬ್ಬಾ ತಂಡ ಇಂಗ್ಲಿಷಿನಲ್ಲಿ ಹಾಡಿ ಗೆದ್ದದ್ದು.

ನಿಯಮದ ಕಥೆಗಿಂತ ಲಕ್ಸೆಂಬರ್ಗಿನ ಕಥೆ ನಮ್ಮವರಿಗೆ ಬೇಗ ತಟ್ಟುತ್ತದೆ. ಅದು ಫ್ರಾನ್ಸ್, ಜರ್ಮನಿ, ಬೆಲ್ಜಿಯಂ ನಡುವೆ ಸಿಕ್ಕಿಕೊಂಡಿರುವ ಪುಟ್ಟ ದೇಶ. ಮನೆಯ ಮಾತು ಲಕ್ಸೆಂಬರ್ಗಿಶ್, ಕಚೇರಿಯಲ್ಲಿ ಫ್ರೆಂಚ್, ಓದಲು ಬರೆಯಲು ಜರ್ಮನ್ ಕೂಡ. 1956ರ ಚೊಚ್ಚಲ ಸ್ಪರ್ಧೆಯಲ್ಲಿ ಅದು ಹಾಡಿದ್ದು ಫ್ರೆಂಚಿನಲ್ಲಿ. 1960ರಲ್ಲಿ ಮೊದಲ ಸಲ ಮನೆಯ ಮಾತಿನಲ್ಲಿ ಹಾಡಲು ಕಮಿಲ್ಲೊ ಫೆಲ್ಗೆನ್ ಅವರನ್ನು ಕಳಿಸಿತು. ಬಂದದ್ದು ಒಂದೇ ಒಂದು ಅಂಕ, ಕೊನೆಯ ಸ್ಥಾನ. ಮರುವರ್ಷ ಫ್ರಾನ್ಸಿನ ಗಾಯಕರೊಬ್ಬರಿಂದ ಫ್ರೆಂಚಿನಲ್ಲಿ ಹಾಡಿಸಿತು, ಗೆದ್ದಿತು! ಹಾಗೆ ಲಕ್ಸೆಂಬರ್ಗ್ ಒಟ್ಟು ಐದು ಸಲ ಗೆದ್ದಿದೆ. ಐದೂ ಹಾಡು ಫ್ರೆಂಚ್. ಮಾಲ್ಟಾ 1971ರಲ್ಲಿ ಹೊಸದಾಗಿ ಬಂದು ಮಾಲ್ಟೀಸಿನಲ್ಲಿ ಹಾಡಿತು, ಕೊನೆಯ ಸ್ಥಾನ. ಮರುವರ್ಷವೂ ಮಾಲ್ಟೀಸ್, ಮತ್ತೆ ಕೊನೆಯ ಸ್ಥಾನ. ಐರ್ಲೆಂಡ್ 1965ರಲ್ಲಿ ಇಂಗ್ಲಿಷ್ ಹಾಡಿನೊಂದಿಗೆ ಬಂತು. ಐರಿಶ್ ಭಾಷೆಯಲ್ಲಿ ಅದು ಹಾಡಿದ್ದು ಒಂದೇ ಸಲ, 1972ರಲ್ಲಿ.

ಇದನ್ನು ಹೇಳುವಾಗ ಮಕ್ಕಳ ಮುಖ ಸಣ್ಣದಾಯಿತು. ಮನೆಯ ಮಾತಿಗೆ ಒಂದು ಅಂಕ ಅಂದರೆ ಏನು ಅನ್ನುವುದನ್ನು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಆ ಐದು ಗೆಲುವಿಗಿಂತ ಫೆಲ್ಗೆನ್ ಅವರ ಒಂದು ಅಂಕವನ್ನು ನಾನು ಮೇಲೆ ಇಡುತ್ತೇನೆ. ಆ ಮೂರು ನಿಮಿಷ ಯುರೋಪಿಗೆಲ್ಲ ಒಂದು ಸಣ್ಣ ಭಾಷೆ ಕೇಳಿಸಿತು. ಅದಕ್ಕೆ ಮೊದಲು ಆ ವೇದಿಕೆಯಲ್ಲಿ ಅದರ ಒಂದು ಪದವೂ ಬಿದ್ದಿರಲಿಲ್ಲ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ಊರಿಗೆ ಬರುತ್ತೇನೆ. ಅದರ ಹೆಸರು ಸರಾಯೆವೊ.

ನಕಾಶೆಯಲ್ಲಿ ಇಟಲಿಯ ಪೂರ್ವಕ್ಕೆ ಸಮುದ್ರ ದಾಟಿದರೆ ಮೊದಲು ಯುಗೊಸ್ಲಾವಿಯಾ ಎಂಬ ದೊಡ್ಡ ದೇಶವಿತ್ತು. ಆರು ಗಣರಾಜ್ಯಗಳು ಸೇರಿ ಆದ ದೇಶ. 1961ರಿಂದ ಅದು ಈ ಸ್ಪರ್ಧೆಗೆ ಬರುತ್ತಿತ್ತು, 1989ರಲ್ಲಿ ಗೆದ್ದೂ ಇತ್ತು. ಅದರ ಒಂದು ಗಣರಾಜ್ಯ ಬೋಸ್ನಿಯಾ-ಹರ್ಜೆಗೋವಿನಾ, ಅದರ ರಾಜಧಾನಿ ಸರಾಯೆವೊ, 1984ರ ಚಳಿಗಾಲದ ಒಲಿಂಪಿಕ್ಸ್ ನಡೆದ ಬೆಟ್ಟಗಳ ನಡುವಿನ ಊರು. ಸರಾಯೆವೊದ ಗಾಯಕರು ಮೊದಲೂ ಈ ವೇದಿಕೆಯಲ್ಲಿ ಹಾಡಿದ್ದರು; 1973ರಲ್ಲಿ ಜ್ದ್ರಾವ್ಕೊ ಚೋಲಿಚ್ ಅಂಥವರಲ್ಲಿ ಒಬ್ಬರು. ಆದರೆ ಕರೆದ ಹೆಸರು ಯುಗೊಸ್ಲಾವಿಯಾ. ತೊಂಬತ್ತರ ದಶಕದ ಆರಂಭದಲ್ಲಿ ಆ ದೇಶ ಒಡೆಯಿತು. 1992ರಲ್ಲಿ ಬೋಸ್ನಿಯಾ ಸ್ವತಂತ್ರವಾಯಿತು, ಆ ವಸಂತದಲ್ಲೇ ಯುದ್ಧ ಹತ್ತಿತು. ಸುತ್ತಲಿನ ಬೆಟ್ಟಗಳ ಮೇಲೆ ತೋಪುಗಳು, ಕೆಳಗೆ ಬಟ್ಟಲಲ್ಲಿ ಕೂತ ಹಾಗೆ ಸರಾಯೆವೊ. ಆ ಮುತ್ತಿಗೆ 1996ರ ಫೆಬ್ರವರಿಯವರೆಗೆ ನಡೆಯಿತು. ನೀರಿಗೆ ಸಾಲು ನಿಂತವರ ಮೇಲೆ ಗುಂಡು, ವಿದ್ಯುತ್ತಿಲ್ಲ, ಉರುವಲಿಗೆ ಉದ್ಯಾನದ ಮರಗಳನ್ನು ಕಡಿದರು.

ಇಂಥ ಊರಿನ ಟಿವಿಯವರು 1993ರಲ್ಲಿ, ಮುತ್ತಿಗೆಯೊಳಗೆ ಕೂತುಕೊಂಡೇ, ಯೂರೋವಿಷನ್ನಿಗೆ ಹಾಡು ಆರಿಸಿದರು. ನಿಂತು ಯೋಚಿಸಬೇಕಾದ ಸಂಗತಿ ಇದು. ರೊಟ್ಟಿ ಇಲ್ಲದ ಊರು ಹಾಡಿನ ಸ್ಪರ್ಧೆಗೆ ಯಾಕೆ ಹೋಗಬೇಕು? ಮಕ್ಕಳನ್ನೇ ಕೇಳಿದೆ. ಹಿಂದಿನ ಸಾಲಿನ ಹುಡುಗಿ ಹೇಳಿದಳು: “ಹೋಗ್ಲಿಲ್ಲಂದ್ರ ಅವ್ರು ಅದಾರಂತ ಮಂದಿಗಿ ಹ್ಯಾಂಗ್ ತಿಳೀಬೇಕ್ರಿ?” ಇದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುತ್ತಿರಲಿಲ್ಲ.

ಗಾಯಕರ ಹೆಸರು ಮುಹಮದ್ ಫಜ್ಲಾಗಿಚ್, ಎಲ್ಲರೂ ಕರೆಯುತ್ತಿದ್ದದ್ದು ಫಜ್ಲಾ ಎಂದು. ಹಾಡು ‘ಸ್ವಾ ಬೋಲ್ ಸ್ವಿಯೆತಾ’, ಕನ್ನಡದಲ್ಲಿ ಹೇಳಿದರೆ ಲೋಕದ ನೋವೆಲ್ಲ. ಬರೆದವರು ಫಹ್ರುದಿನ್ ಪೆಚಿಕೋಜಾ, ಸ್ವರ ಹಾಕಿದವರು ದಿನೊ ದೆರ್ವಿಶ್‌ಹಾಲಿದೊವಿಚ್. ಊರಿನಿಂದ ಹೊರಗೆ ಬರಲು ದಾರಿ ಒಂದೇ: ವಿಶ್ವಸಂಸ್ಥೆಯ ಸೈನಿಕರ ವಶದಲ್ಲಿದ್ದ ವಿಮಾನ ನಿಲ್ದಾಣದ ಓಟಪಟ್ಟಿ. ಅದನ್ನು ರಾತ್ರಿ, ಕತ್ತಲಲ್ಲಿ, ಗುರಿಕಾರರ ಗುಂಡಿನ ನಡುವೆ ಓಡಿ ದಾಟಬೇಕು. ವಿಮಾನ ಓಡಬೇಕಾದ ಪಟ್ಟಿಯ ಮೇಲೆ ಹಾಡುವವರು ಓಡಿದರು.

ಆಗ ಪೂರ್ವ ಯುರೋಪಿನಿಂದ ಹೊಸ ದೇಶಗಳು ಬಹಳ ಬಂದಿದ್ದವು, ಎಲ್ಲರಿಗೂ ಜಾಗವಿರಲಿಲ್ಲ. ಏಪ್ರಿಲ್ 3ರಂದು ಸ್ಲೊವೇನಿಯಾದ ರಾಜಧಾನಿ ಲ್ಯುಬ್ಲಿಯಾನಾದಲ್ಲಿ ಏಳು ದೇಶಗಳ ನಡುವೆ ಒಂದು ಪೂರ್ವಸ್ಪರ್ಧೆ ನಡೆಯಿತು. ಎಸ್ಟೋನಿಯಾ, ಹಂಗೇರಿ, ರೊಮೇನಿಯಾ, ಸ್ಲೊವಾಕಿಯಾ ಹಿಂದೆ ಉಳಿದವು. ಸ್ಲೊವೇನಿಯಾ, ಬೋಸ್ನಿಯಾ, ಕ್ರೊಯೇಷಿಯಾ ಮುಂದೆ ಹೋದವು. ಮೂರೂ ಹಳೆಯ ಯುಗೊಸ್ಲಾವಿಯಾದ ಮಕ್ಕಳೇ.

ಅಂತಿಮ ಸ್ಪರ್ಧೆ ಐರ್ಲೆಂಡಿನ ಮಿಲ್‌ಸ್ಟ್ರೀಟ್‌ನಲ್ಲಿ, 1993ರ ಮೇ 15ರಂದು. ಈ ಊರಿನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಅದು ಸುಮಾರು 1,500 ಜನರಿದ್ದ ಊರು. ನಮ್ಮ ಉಮರ್ಗಾ ಅದರ ಎದುರು ದೊಡ್ಡ ಪೇಟೆ. ಹಿಂದಿನ ವರ್ಷ ಐರ್ಲೆಂಡ್ ಗೆದ್ದು ಮುಂದಿನ ಆತಿಥ್ಯ ಅದರ ಪಾಲಿಗೆ ಬಂದ ರಾತ್ರಿಯೇ ಅಲ್ಲಿನ ವ್ಯಾಪಾರಿ ನೋಯಲ್ ಡಗನ್ ಐರಿಶ್ ಟಿವಿಗೆ ಕಾಗದ ಬರೆದು, ಕುದುರೆ ಸ್ಪರ್ಧೆಗೆಂದು ಕಟ್ಟಿಸಿದ್ದ ತಮ್ಮ ಗ್ರೀನ್ ಗ್ಲೆನ್ಸ್ ಅಂಗಳವನ್ನು ಬಾಡಿಗೆ ಇಲ್ಲದೆ ಕೊಡುತ್ತೇನೆ ಎಂದರು. ಟಿವಿಯವರು ಒಪ್ಪಿದರು. ಇಪ್ಪತ್ತೈದು ದೇಶಗಳು ಒಂದು ಹಳ್ಳಿಗೆ ಹಾಡಲು ಬಂದವು. ದೊಡ್ಡ ಕೆಲಸಕ್ಕೆ ದೊಡ್ಡ ಪಟ್ಟಣವೇ ಬೇಕೆಂದು ನಂಬಿಕೊಂಡ ನಮ್ಮ ಕಡೆಯ ಜನಕ್ಕೆ ಈ ಕಥೆಯನ್ನು ನಾನು ಸಿಕ್ಕಲ್ಲೆಲ್ಲ ಹೇಳುತ್ತೇನೆ. 2022ರಲ್ಲಿ ಉದಗೀರಿನಲ್ಲಿ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ನಡೆದಾಗಲೂ ನನಗೆ ಮಿಲ್‌ಸ್ಟ್ರೀಟೇ ನೆನಪಾಗಿತ್ತು.

ಆ ರಾತ್ರಿ ಫಜ್ಲಾ ತಮ್ಮ ಭಾಷೆಯಲ್ಲಿ ಹಾಡಿದರು. ನಿಯಮವೂ ಅದನ್ನೇ ಹೇಳುತ್ತಿತ್ತು. ನಿಯಮವಿರದಿದ್ದರೂ ಅವರು ಬೇರೆ ಭಾಷೆ ಹಿಡಿಯುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ. ಅವರ ಹಾಡಿಗೆ ವಾದ್ಯವೃಂದ ನಡೆಸಿದವರು ಆತಿಥೇಯ ಐರ್ಲೆಂಡಿನ ನೋಯಲ್ ಕೆಲೆಹನ್. ಹಾಡು ಕೇಳಿದರೆ ಮೊದಲು ಎದ್ದು ಕಾಣುವುದು ಅಳುವಲ್ಲ. ತಾಳ ಮುಂದಕ್ಕೆ ದೂಡುತ್ತದೆ, ಹಿಮ್ಮೇಳದವರು ಒಟ್ಟಿಗೆ ದನಿ ಎತ್ತುತ್ತಾರೆ, ಕೊನೆಗೆ ಬರುವಾಗ ಕೂಗಿನ ಹಾಗೆ ಆಗುತ್ತದೆ. ನಮ್ಮಲ್ಲಿ ಮೊಹರಮ್ಮಿನ ರಿವಾಯತ್ ಪದ ಕೇಳಿದವರಿಗೆ ಈ ಬಗೆ ಹೊಸದಲ್ಲ. ಅಲ್ಲೂ ಶೋಕಕ್ಕೆ ಹೆಜ್ಜೆ ಇರುತ್ತದೆ.

ಆಮೇಲೆ ಅಂಕ ಹೇಳುವ ಹೊತ್ತು. ಆಗ ಇದೆಲ್ಲ ಫೋನಿನಲ್ಲಿ ನಡೆಯುತ್ತಿತ್ತು. ದೂರದ ದೇಶದವರ ಮುಖ ಪರದೆಯ ಮೇಲೆ ಕಾಣುವ ಏರ್ಪಾಡು ಬಂದದ್ದು ಮರುವರ್ಷ. ನಿರೂಪಕಿ ಫಿನೂಲಾ ಸ್ವೀನಿ ಒಂದೊಂದೇ ರಾಜಧಾನಿಯನ್ನು ಕರೆಯುತ್ತಾ ಬಂದರು. ಸರಾಯೆವೊದ ಸರದಿ ಬಂತು. ತೀರ್ಪುಗಾರರು ಮುತ್ತಿಗೆ ಬಿದ್ದ ಊರಿನೊಳಗೇ ಇದ್ದರು. ಮೊದಲು ಗರಗರ ಸದ್ದು. ಆ ಸದ್ದಿನ ಆಳದಿಂದ, ಬಾವಿಯಿಂದ ಬಂದಂತೆ, ಮಿಲ್‌ಸ್ಟ್ರೀಟನ್ನು ಕರೆಯುವ ಒಂದು ದನಿ. ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು. ಅವರು ಇನ್ನೂ ಒಂದು ಅಂಕವನ್ನೂ ಹೇಳಿರಲಿಲ್ಲ. ಚಪ್ಪಾಳೆ ಬಿದ್ದದ್ದು ಲೈನು ಸಿಕ್ಕಿದ್ದಕ್ಕೆ, ಅತ್ತ ಕಡೆ ಯಾರೋ ಇದ್ದಾರೆ ಅನ್ನುವುದಕ್ಕೆ. ಹಾಜರಿ ಪುಸ್ತಕ ಹಿಡಿದು ಬದುಕಿದವನಿಗೆ ಆ ತುಣುಕನ್ನು ಒಣಗಿದ ಕಣ್ಣಲ್ಲಿ ನೋಡಲು ಆಗುವುದಿಲ್ಲ.

ಅದಕ್ಕೆ ಇನ್ನೊಂದು ಕಾರಣವೂ ಇದೆ. 1993 ನಮ್ಮ ಇಸವಿಯೂ ಹೌದು. ಗಣಪತಿ ಕಳಿಸಿ ಜನ ತಡವಾಗಿ ಮಲಗಿದ್ದ ರಾತ್ರಿ ಕಳೆದು, ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕಕ್ಕೆ ಇನ್ನೂ ಕೆಲವು ನಿಮಿಷ ಇರುವಾಗ ನೆಲ ಅದುರಿತು. ಕಿಲ್ಲಾರಿ, ಸಾಸ್ತೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಕಲ್ಲು ಮಣ್ಣಿನ ದಪ್ಪ ಗೋಡೆಗಳು ಮಲಗಿದವರ ಮೇಲೆ ಬಿದ್ದವು. ಸಾವಿರಾರು ಜನ ಏಳಲೇ ಇಲ್ಲ. ಕೆಲವು ವಾರಗಳ ನಂತರ ತಗಡಿನ ಶೆಡ್ಡಿನಲ್ಲಿ ಶಾಲೆ ಮತ್ತೆ ಶುರುವಾದಾಗ ನನ್ನ ಕೈಯಲ್ಲಿ ಹಳೆಯ ಹಾಜರಿ ಪುಸ್ತಕವೇ ಇತ್ತು. ಅಭ್ಯಾಸದಿಂದ ಮೊದಲ ಹೆಸರು ಕರೆದೆ. ಉತ್ತರ ಬಂತು. ಎರಡನೆಯದು ಕರೆದೆ, ಬರಲಿಲ್ಲ. ಮೂರನೆಯದಕ್ಕೆ ಬಂದ “ಹಾಜರ್ ಸರ್” ಎಷ್ಟು ಜೋರಾಗಿತ್ತೆಂದರೆ ಹೊರಗೆ ಕೂತಿದ್ದ ತಾಯಂದಿರು ಒಳಗೆ ಇಣುಕಿದರು. ಸರಾಯೆವೊದ ಕರೆಯ ಸುದ್ದಿ ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಆ ಚಪ್ಪಾಳೆ ಯಾಕೆ ಬಿತ್ತೆಂದು ಯಾರೂ ನನಗೆ ವಿವರಿಸಬೇಕಾಗಲಿಲ್ಲ.

“ಗೆದ್ರೇನ್ರಿ ಸರ ಅವ್ರು?” ಮಕ್ಕಳಿಗೆ ಇದು ಬೇಕೇ ಬೇಕು. ಇಲ್ಲ. ಗೆದ್ದದ್ದು ಐರ್ಲೆಂಡೇ, ನೀವ್ ಕವನಾ ಅವರ ಹಾಡಿನಿಂದ, 187 ಅಂಕ. ಬೋಸ್ನಿಯಾಕ್ಕೆ 27 ಅಂಕ, ಹದಿನಾರನೆಯ ಸ್ಥಾನ. ಕ್ರೊಯೇಷಿಯಾ ಒಂದು ಸ್ಥಾನ ಮೇಲೆ, ಸ್ಲೊವೇನಿಯಾ ಇಪ್ಪತ್ತೆರಡನೆಯದು. ಆ ವರ್ಷ ಕೆಳಗುಳಿದ ದೇಶಗಳು ಮರುವರ್ಷ ಬರುವಂತಿರಲಿಲ್ಲ. ಬೋಸ್ನಿಯಾ ಉಳಿದುಕೊಂಡಿತು, ಮುತ್ತಿಗೆ ಇನ್ನೂ ಮುಗಿಯದ 1994ರಲ್ಲೂ ಡಬ್ಲಿನ್ನಿಗೆ ಬಂದು ಹಾಡಿತು. 2006ರಲ್ಲಿ ಹರಿ ಮಾತಾ ಹರಿ ತಂಡದ ‘ಲೈಲಾ’ ಎಂಬ ಹಾಡಿಗೆ ಮೂರನೆಯ ಸ್ಥಾನ ಬಂತು. ಅವರು ಇದುವರೆಗೆ ಏರಿದ ಎತ್ತರ ಅದು.

ಅದೇ ಮಿಲ್‌ಸ್ಟ್ರೀಟ್ ರಾತ್ರಿಯಲ್ಲಿ ಯಾರೂ ಹೆಚ್ಚು ಗಮನಿಸದ ಇನ್ನೊಂದು ಸಂಗತಿ ನಡೆಯಿತು. ಲಕ್ಸೆಂಬರ್ಗ್ ಅರ್ಧ ಫ್ರೆಂಚಿನಲ್ಲಿ, ಅರ್ಧ ತನ್ನ ಮನೆಯ ಮಾತಿನಲ್ಲಿ ಹಾಡಿತು, ಇಪ್ಪತ್ತನೆಯದಾಗಿ ಉಳಿಯಿತು. ಮತ್ತೆ ಆ ವೇದಿಕೆಗೆ ಅದು ಬಂದದ್ದು 31 ವರ್ಷಗಳ ಮೇಲೆ, 2024ರಲ್ಲಿ. ಹೊಸ ಹೆಸರೊಂದು ಪಟ್ಟಿಗೆ ಸೇರಿದ ರಾತ್ರಿಯೇ ಮೊದಲ ಏಳರಲ್ಲೊಂದು ಹೆಸರು ಪಟ್ಟಿಯಿಂದ ಎದ್ದು ಹೋಯಿತು. ಬೋಸ್ನಿಯಾದ ಪ್ರಸಾರ ಸಂಸ್ಥೆಗೂ ಆಮೇಲೆ ಹಣದ ಕಷ್ಟ, ಸಾಲ. 2016ರಲ್ಲಿ ಸ್ಟಾಕ್‌ಹೋಮಿನಲ್ಲಿ ಹಾಡಿ, ಅಂತಿಮ ಸುತ್ತಿಗೆ ಬರಲಾಗದೆ, ಅವರು ಹಿಂದೆ ಸರಿದರು. ಯುದ್ಧದಲ್ಲಿ ಓಡಿ ಬಂದವರು ಶಾಂತಿಯ ಕಾಲದಲ್ಲಿ ದುಡ್ಡಿಲ್ಲದೆ ಮನೆಯಲ್ಲಿ ಕೂರಬೇಕಾಯಿತಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಹೊಸಬರು ಎಲ್ಲಿಂದ ಶುರು ಮಾಡಬೇಕೆಂದು ಕೇಳಿದರೆ ನಾನು ಹೇಳುವುದು ಇಷ್ಟೇ: ಈಗಿನ ಬೆಳಕಿನ ಆಟವನ್ನು ಆಮೇಲೆ ನೋಡಿ. ಮೊದಲು 1993ರ ಫಜ್ಲಾ ಅವರ ಮೂರು ನಿಮಿಷ ಕೇಳಿ. ಆಮೇಲೆ ಆ ಫೋನಿನ ಗಳಿಗೆಯನ್ನು, ಕಣ್ಣು ಮುಚ್ಚಿ.

ನಮ್ಮ ಪಡಸಾಲೆಯಲ್ಲಿ ಆ ಸಂಜೆ ಹಾಡನ್ನು ಎರಡು ಸಲ ಹಾಕಿದೆವು. ಪದ ಒಂದೂ ತಿಳಿಯಲಿಲ್ಲ, ಯಾರೂ ಎದ್ದು ಹೋಗಲೂ ಇಲ್ಲ. ಮುಗಿದ ಮೇಲೆ ಹಿಂದಿನ ಸಾಲಿನ ಅದೇ ಹುಡುಗಿ ಪಾಟಿ ಮುಂದೆ ಹಿಡಿದು, ಆ ಊರಿನ ಹೆಸರು ಕನ್ನಡದಾಗ ಹ್ಯಾಂಗ್ ಬರೀಬೇಕ್ರಿ ಎಂದಳು. ‘ಸ’ ಮತ್ತು ‘ರಾ’ ಅವರಿಗೆ ಬರುತ್ತಿತ್ತು. ‘ಯ’ಕ್ಕೆ ಎತ್ವ, ‘ವ’ಕ್ಕೆ ಒತ್ವ ಇನ್ನೂ ಹೇಳಿಕೊಟ್ಟಿರಲಿಲ್ಲ. ಆವತ್ತಿನ ಪಾಠ ಅದೇ ಆಯಿತು.